ಅತ್ತೆಯ ಮೇಲ್‌ನ ಏಳು ಲಕ್ಷಣಗಳು

ಸೋದರತ್ತೆಯ ಫೋನು ಸೋಪಿನ ನೀರಿನ ಬಕೆಟ್ಟಿಗೆ ಬಿದ್ದದ್ದು ಬೆಳಗ್ಗೆ ಎಂಟು ಗಂಟೆಗೆ. ಬಿದ್ದಾಗ ಬಂದ ಸದ್ದು ‘ಬುಳಕ್’ ಎಂದಷ್ಟೇ. ಆದರೆ ಆ ಬಕೆಟ್ಟಿನ ಅಲೆ ಅರ್ಧ ಊರು ದಾಟಿ, ದೊಡ್ಡಾಸ್ಪತ್ರೆಯ ನೆಲಮಹಡಿಯಲ್ಲಿದ್ದ ಬಟ್ಟೆ ಉಗ್ರಾಣಕ್ಕೆ ಒಂಬತ್ತೂವರೆಗೆ ಬಂದು ಬಡಿದು, ಅಲ್ಲಿಯ ಗುಮಾಸ್ತನನ್ನು ಸಂಜೆ ಐದರೊಳಗೆ ಕೊಚ್ಚಿಕೊಂಡು ಹೋಯಿತು.

ಗುಮಾಸ್ತನಿಗೆ ನಲವತ್ತೊಂದು ವರ್ಷ. ಮದುವೆಯಾಗಿರಲಿಲ್ಲ. ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡ ಅವನನ್ನು ಸಾಕಿದವಳು ತಂದೆಯ ಅಕ್ಕ. ಈಗಲೂ ಅವಳ ಜೊತೆಯಲ್ಲೇ ಇದ್ದ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ರೋಗಿಗಳ ನಿಲುವಂಗಿ ಇವನ್ನೆಲ್ಲ ವಾರ್ಡುಗಳಿಗೆ ಹಂಚಿ ಕಂಪ್ಯೂಟರಿನಲ್ಲಿ ಬರೆದಿಡುವುದು ಅವನ ಕೆಲಸ. ಮಡಿಸಿದ ಬಟ್ಟೆಯ ಅಂಚು ಒಂದಕ್ಕೊಂದು ಕೂಡದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಏನೋ ಒಂದಿತ್ತು. ಈಗ ಆಸ್ಪತ್ರೆಯ ಆರೂ ಮಹಡಿಗಳಲ್ಲಿ ಅವನು ‘ಮೀನು’.

ಗಾಳಕ್ಕೆ ಎರಡು ಸಲ ಸಿಕ್ಕಿದವನನ್ನು ಜನ ಇನ್ನೇನೆಂದು ಕರೆದಾರು? ಮೊದಲ ಸಲ, ‘ನಿಮ್ಮ ಪಾರ್ಸಲ್ಲು ದಾರಿಯಲ್ಲಿ ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳಲು ಇಲ್ಲಿ ಒತ್ತಿ’ ಎಂದು ಒಂದು ಮೇಲ್ ಬಂತು. ಅವನು ಯಾವ ಪಾರ್ಸಲ್ಲನ್ನೂ ತರಿಸಿರಲಿಲ್ಲ. ಆದರೂ ಯಾರದೋ ಪಾಪದ ಪಾರ್ಸಲ್ಲು, ದಾರಿಯಲ್ಲಿ ಒದ್ದಾಡುತ್ತಿದೆಯಲ್ಲ ಎಂದು ಒತ್ತಿಬಿಟ್ಟ. ಎರಡು ದಿನ ಆಸ್ಪತ್ರೆಯ ಎಲ್ಲ ಪ್ರಿಂಟರುಗಳಿಂದಲೂ ಹಲ್ಲು ಕಿರಿಯುವ ಕೋತಿಯ ಚಿತ್ರ ಬರುತ್ತಿತ್ತು. ಮೂತ್ರಪಿಂಡದ ಡಾಕ್ಟರು ಬರೆದ ಔಷಧಿ ಚೀಟಿಯಲ್ಲೂ ಕೋತಿ. ಎರಡನೆಯ ಸಲ ಯಾರೋ ಅವನ ಗುಪ್ತಪದ ಕೇಳಿದರು. ಇವನು ಕೊಟ್ಟ. ಕೊಟ್ಟದ್ದಲ್ಲದೆ ಕೊನೆಯಲ್ಲಿ ‘ಕೇಳಿದ್ದಕ್ಕೆ ಧನ್ಯವಾದಗಳು’ ಎಂದೂ ಸೇರಿಸಿದ.

ಆಮೇಲೆ ಆರನೆಯ ಮಹಡಿಯ ಕಂಪ್ಯೂಟರ್ ವಿಭಾಗದ ಮೇಡಂ ಕೆಳಗಿಳಿದು ಬಂದರು. ಮೂವತ್ತೆಂಟು ವರ್ಷದ, ನೇರ ಮಾತಿನ ಹೆಂಗಸು. ದನಿ ಏರಿಸಿದ್ದನ್ನಾಗಲಿ ಇಳಿಸಿದ್ದನ್ನಾಗಲಿ ಯಾರೂ ಕೇಳಿರಲಿಲ್ಲ. ತಿಂಗಳಿಗೆ ಎರಡು ಸಲ ತಾವೇ ಸುಳ್ಳು ಮೇಲ್ ಹೆಣೆದು ಸಿಬ್ಬಂದಿಗೆಲ್ಲ ಕಳಿಸಿ, ಯಾರು ಸಿಕ್ಕಿಬೀಳುತ್ತಾರೆ ಎಂದು ನೋಡುತ್ತಿದ್ದರು. ‘ಉಚಿತ ಬೂಟು’ ಎಂಬ ಮೇಲ್‌ಗೆ ಸ್ವತಃ ಅಧೀಕ್ಷಕರೇ ಸಿಕ್ಕಿಬಿದ್ದು, ಅಂದಿನಿಂದ ಮೇಡಂ ಎದುರಾದರೆ ತಮ್ಮ ಕಾಲನ್ನೇ ನೋಡಿಕೊಂಡು ನಡೆಯುತ್ತಿದ್ದರು. ಮೇಡಂ ಗುಮಾಸ್ತನ ಎದುರಿನ ಗೋಡೆಗೆ ಮೋಸದ ಮೇಲ್‌ನ ಏಳು ಲಕ್ಷಣಗಳ ಪಟ್ಟಿ ಅಂಟಿಸಿ, ಇನ್ನೊಂದು ಸಲ ಸಿಕ್ಕರೆ ಕಂಪ್ಯೂಟರು ಇಲ್ಲ, ನೆಲಮಾಳಿಗೆ ಎಂದು ಹೇಳಿ ಹೋದರು.

ನೆಲಮಾಳಿಗೆ ಎಂದರೆ ಏನೆಂದು ಹೇಳಬೇಕು. ಆರು ಮಹಡಿಗಳ ಕೊಳಕು ಬಟ್ಟೆಯೆಲ್ಲ ಒಂದು ದೊಡ್ಡ ಕೊಳವೆಯೊಳಗೆ ಜಾರಿ ಧೊಪ್ಪೆಂದು ಅಲ್ಲಿಗೆ ಬೀಳುತ್ತದೆ. ಯಂತ್ರಕ್ಕೆ ಹಾಕುವ ಮೊದಲು ಅದನ್ನು ಕೈಯಿಂದ ಬೇರೆ ಮಾಡಬೇಕು. ಅಲ್ಲಿಯ ಯಜಮಾನ ಸೋಪಜ್ಜ. ಮೂವತ್ತು ವರ್ಷದಲ್ಲಿ ಅವನ ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟಿತ್ತು. ಆ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಬೇಕಿರಲಿಲ್ಲ.

ಹೀಗಿರುವಾಗ ಒಂಬತ್ತೂವರೆಗೆ ಆ ಮೇಲ್ ಬಂತು. ಕಳಿಸಿದವರ ವಿಳಾಸ ‘ಸೂಪರ್‌ಫಿಟ್ ಎಪ್ಪತ್ತೇಳು’. ಒಳಗೆ ಹೀಗಿತ್ತು:

“ತುರ್ತು. ತುರ್ತು. ಮೊದಲು ಇದನ್ನ ಓದು. ಒಂದು ಒಳ್ಳೇ ಸಂಬಂಧ ಬಂದಿದೆ. ಇಂಥ ಅವಕಾಶ ಇನ್ನೊಂದು ಸಲ ಬರಲ್ಲ. ಇವತ್ತು ಸಂಜೆ ಐದರೊಳಗೆ ನಿನ್ನ ಹುಟ್ಟಿದ ತಾರೀಕು, ಎತ್ತರ, ಸಂಬಳ, ಒಂದು ಫೋಟೋ ಕಳಿಸು. ಐದು ದಾಟಿದರೆ ಹುಡುಗಿ ತಂದೆ ಬೇರೆ ಕಡೆಯವರಿಗೆ ಮಾತು ಕೊಡ್ತಾರೆ. ಆಮೇಲೆ ಜೀವಮಾನವೆಲ್ಲ ಪಶ್ಚಾತ್ತಾಪ ಪಡ್ತೀಯ. ಹುಡುಗಿ ಯಾರು ಅಂತ ಇಲ್ಲಿ ಬರೆಯಲ್ಲ. ಫೈಲು ತೆರೆದು ನೋಡು, ಬೆಚ್ಚಿಬೀಳ್ತೀಯ. ಆಸ್ಪತ್ರೇಲಿ ಒಬ್ಬರಿಗೂ ಹೇಳಬೇಡ. ದೇವರು ಎಲ್ಲಾ ನೋಡ್ತಿದಾನೆ. ಇಂತಿ ನಿನ್ನ ಅತ್ತೆ.”

ಗುಮಾಸ್ತ ಕುರ್ಚಿ ಸಮೇತ ಒಂದು ಕುರ್ಚಿಯಷ್ಟು ದೂರ ಹಿಂದೆ ಸರಿದ. ಗೋಡೆ ನೋಡಿದ, ಮೇಲ್ ನೋಡಿದ, ಮತ್ತೆ ಗೋಡೆ ನೋಡಿದ. ಅವಸರ ಮಾಡಿಸುವುದು, ಹೆದರಿಸುವುದು, ಗುಟ್ಟಾಗಿಡು ಎನ್ನುವುದು, ಗುರುತಿಲ್ಲದ ವಿಳಾಸ, ಆಸೆ ತೋರಿಸುವುದು, ಸ್ವಂತ ವಿವರ ಕೇಳುವುದು. ಒಂದಾದರೂ ತಪ್ಪಿರಬೇಕಲ್ಲ? ಗಂಡುಹೆಣ್ಣಿನ ಜಾತಕ ಹೊಂದಿದ ಹಾಗೆ, ಪಟ್ಟಿಯ ಲಕ್ಷಣಗಳೆಲ್ಲ ಒಟ್ಟಿಗೆ ಕೂಡಿಬಂದಿದ್ದವು. ಏಳನೆಯದನ್ನು ಮೇಡಂ ದಪ್ಪ ಅಕ್ಷರದಲ್ಲಿ ಬರೆದಿದ್ದರು: ‘ಸಂಶಯದ ಮೇಲ್‌ನ ಫೈಲು ತೆರೆಯಬೇಡಿ. ಯಾರೇ ಹೇಳಲಿ, ತೆರೆಯಬೇಡಿ.’

ಅಷ್ಟರಲ್ಲಿ ಬಾಗಿಲಲ್ಲಿ ಲಿಫ್ಟಿನವನ ತಲೆ ಕಾಣಿಸಿತು. ಇವನಿಗೆ ‘ರೇಡಿಯೋ’ ಎಂಬ ಅಡ್ಡಹೆಸರು. ನೆಲಮಹಡಿಯಲ್ಲಿ ಹುಟ್ಟಿದ ಸುದ್ದಿ ಆರನೆಯದಕ್ಕೆ ಹೋಗುವಷ್ಟರಲ್ಲಿ ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಮುಚ್ಚುತ್ತಿತ್ತು. ಅವನ ಹಿಂದೆ ಹೊದಿಕೆ ಕೇಳಲು ಬಂದ ಮೂರನೆಯ ವಾರ್ಡಿನ ದೊಡ್ಡ ನರ್ಸಮ್ಮ. ಇಬ್ಬರೂ ಮೇಲ್ ಓದಿದರು. ಓದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನರ್ಸಮ್ಮ, ಇದು ಖಂಡಿತ ಮೋಸ ಎಂದರು. ಹೇಗೆ ಗೊತ್ತು ಎಂದು ಗುಮಾಸ್ತ ಕೇಳಿದ.

“ನಿಮಗೆ ಸಂಬಂಧ ಬಂದಿದೆ ಅಂತ ಬರೆದಿದೆಯಲ್ಲ ರೀ,” ಎಂದರು ನರ್ಸಮ್ಮ. “ಅದಕ್ಕಿಂತ ಬೇರೆ ಸಾಕ್ಷಿ ಬೇಕಾ?”

“ಮೀನಣ್ಣ, ಇದು ಮೇಡಂ ಹಾಕಿರೋ ಗಾಳಾನೇ,” ಎಂದ ರೇಡಿಯೋ. “ಮುಟ್ಟಿದೆಯೋ, ಸೋಪಜ್ಜನ ಪಕ್ಕ ನಿನ್ನ ಕುರ್ಚಿ. ಅಲ್ಲಿ ಕುರ್ಚಿಯೂ ಇಲ್ಲ ಅನ್ನು.” ಆಮೇಲೆ ಗೋಡೆಯ ಏಳನೆಯ ಸಾಲನ್ನು ತೋರಿಸಿ, ದೇವರೇ ಬಂದು ಹೇಳಿದರೂ ತೆರೆಯಬಾರದೋ ಎಂದು ಕೇಳಿದ.

“ದೇವರಾದರೆ ಮೊದಲು ಆತನ ಹಳೇ ನಂಬರಿಗೆ ಫೋನು ಮಾಡಿ ಖಾತ್ರಿ ಮಾಡ್ಕೋಬೇಕು,” ಎಂದ ಗುಮಾಸ್ತ. ಪಾಠವನ್ನು ಅವನು ಅಷ್ಟು ಚೆನ್ನಾಗಿ ಕಲಿತಿದ್ದ.

ಕಲಿತಂತೆಯೇ ಮಾಡಿದ ಕೂಡ. ಅತ್ತೆಯ ನಂಬರಿಗೆ ತಾನೇ ಫೋನು ಹಚ್ಚಿದ. ಬಕೆಟ್ಟಿನಲ್ಲಿ ಸ್ನಾನ ಮಾಡಿದ ಫೋನು ಎಲ್ಲಿಂದ ಉತ್ತರ ಕೊಡಬೇಕು? ಐದು ಸಲ ಹಚ್ಚಿದ. ಐದು ಸಲವೂ ಸ್ವಿಚ್ ಆಫ್. ಬೆಳಗ್ಗೆ ಊಟದ ಡಬ್ಬಿ ಕೊಡುವಾಗ ಅತ್ತೆ ಸಂಬಂಧದ ಮಾತೇ ಎತ್ತಿರಲಿಲ್ಲ ಎಂಬುದೂ ನೆನಪಾಯಿತು. ಒಂದು ಉಸಿರು ಎಳೆದು, ಮೇಲ್‌ನ ಪಕ್ಕದಲ್ಲಿದ್ದ ‘ಸಂಶಯ’ ಎಂಬ ಕೆಂಪು ಗುಂಡಿ ಒತ್ತಿದ. ಮೇಲ್‌ನ ನೆತ್ತಿಯ ಮೇಲೆ ಕೆಂಪು ಗುರುತು ಬಿತ್ತು. ಒಂದು ಪ್ರತಿ ಆರನೆಯ ಮಹಡಿಗೆ ಹೋಯಿತು. ಮೀನು ಮೊದಲ ಸಲ ಗಾಳವನ್ನೇ ಹಿಡಿದುಕೊಟ್ಟಿತೆಂದು ರೇಡಿಯೋ ಎಲ್ಲ ಮಹಡಿಗಳಿಗೂ ಬಿತ್ತರಿಸಿದ.

ಸಾಮಾನ್ಯವಾಗಿ ಮೇಡಂ ಎರಡು ನಿಮಿಷದಲ್ಲಿ ಉತ್ತರ ಕೊಡುತ್ತಿದ್ದರು. ಆವತ್ತು ನಲವತ್ತು ನಿಮಿಷವಾದರೂ ಸದ್ದಿಲ್ಲ. ಅಷ್ಟರಲ್ಲಿ ಮೀನನ್ನು ಅಭಿನಂದಿಸಲು ಎಂಟು ಜನ ಉಗ್ರಾಣದಲ್ಲಿ ಸೇರಿದ್ದರು. ಕೊನೆಗೆ ಮೇಜಿನ ಫೋನು ರಿಂಗಾಯಿತು. ಆ ಫೋನಿನ ರಿಸೀವರು ಕೆಟ್ಟು ಒಂದು ವರ್ಷವಾಗಿತ್ತು. ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತಿತ್ತು, ಅದೂ ಮದುವೆ ಮನೆಯ ಮೈಕಿನಂತೆ.

“ನೀವು ಆ ಫೈಲು ತೆರೆದಿರಾ?” ಎಂದಿತು ಮೇಡಂ ದನಿ.

“ಇಲ್ಲ ಮೇಡಂ. ನಮ್ಮತ್ತೆ ಆಣೆಗೂ ಇಲ್ಲ.”

“ಬೇರೆ ಯಾರಾದರೂ?”

“ಮೇಲ್ ಎಲ್ಲರೂ ಓದಿದಾರೆ. ಫೈಲು ಯಾರೂ ಮುಟ್ಟಿಲ್ಲ.”

ಆ ಕಡೆಯಿಂದ ಸೈಕಲ್ಲಿನ ಗಾಳಿ ಬಿಟ್ಟ ಹಾಗೆ ಒಂದು ಸದ್ದು ಬಂತು. ಆಮೇಲೆ ಮೇಡಂ, ಈ ಮೇಲ್ ತಾನು ಕಳಿಸಿದ್ದಲ್ಲ, ಹೊರಗಿನಿಂದ ಬಂದದ್ದು, ಕಳಿಸಿದವರು ನಿಜವಾಗಿ ಅತ್ತೆಯೋ ಅಲ್ಲವೋ ಪರೀಕ್ಷೆ ಮಾಡಬೇಕು ಎಂದರು. ಇಂಥ ಮೇಲ್‌ಗೆ ಗುಮಾಸ್ತ ಉತ್ತರ ಬರೆಯುವ ಹಾಗಿಲ್ಲ. ತನ್ನ ಯಂತ್ರದಿಂದ ತಾನೇ ಪ್ರಶ್ನೆ ಕಳಿಸುತ್ತೇನೆ, ಬಂದ ಉತ್ತರ ಓದುತ್ತೇನೆ, ಅವನು ನಿಜವೋ ಸುಳ್ಳೋ ಹೇಳಿದರೆ ಸಾಕು. ಅತ್ತೆಗೆ ಮಾತ್ರ ಗೊತ್ತಿರುವ ವಿಷಯವನ್ನೇ ಕೇಳುತ್ತೇನೆ ಎಂದರು. ಗುಮಾಸ್ತ ಒಪ್ಪಿದ. ತನ್ನ ಬಗ್ಗೆ ಅತ್ತೆಗೆ ಮಾತ್ರ ಗೊತ್ತಿರುವ ವಿಷಯ ಏನೇನಿವೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಒಪ್ಪುತ್ತಿರಲಿಲ್ಲ.

ಹತ್ತು ನಿಮಿಷದಲ್ಲಿ ಮೊದಲ ಉತ್ತರ ಬಂತು. ಮೇಡಂ ಅದನ್ನು ರೈಲಿನ ವೇಳಾಪಟ್ಟಿಯಂತೆ ಓದಿದರು:

“ಹನ್ನೊಂದನೇ ವಯಸ್ಸಿನವರೆಗೂ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಹೊದಿಕೆಯನ್ನು ಹಿತ್ತಲ ಗೋಡೆಗೆ ಒಣಹಾಕಿ, ಪಕ್ಕದ ಮನೆಯವರಿಗೆ ಬೆಕ್ಕಿನ ಕೆಲಸ ಎಂದು ಹೇಳುತ್ತಿದ್ದೆ. ನಾವು ಬೆಕ್ಕು ಸಾಕಿರಲಿಲ್ಲ.” ಓದಿ ಮುಗಿಸಿ, “ಸರಿಯೇ?” ಎಂದರು.

ಉಗ್ರಾಣದಲ್ಲಿ ಹೊದಿಕೆಗಳೂ ಉಸಿರು ಬಿಗಿಹಿಡಿದವು. ಇಡೀ ಆಸ್ಪತ್ರೆಯ ಹಾಸಿಗೆ ಬಟ್ಟೆಗೆ ಜವಾಬ್ದಾರನಾದ ಮನುಷ್ಯ ತನ್ನ ಪಾದಗಳ ಕಡೆ ನೋಡುತ್ತ, ಸರಿ ಎಂದ. ಯಾರೋ ಹಿಂದಿನಿಂದ ಮ್ಯಾವ್ ಎಂದರು.

“ಮೇಡಂ, ಇದು ನಮ್ಮತ್ತೇನೇ. ಖಂಡಿತ ಅವಳೇ. ವಿವರ ಕಳಿಸಿಬಿಡ್ತೀನಿ.”

“ಸಾಲದು,” ಎಂದರು ಮೇಡಂ. “ಎಲ್ಲ ಮಕ್ಕಳೂ ಹೊಯ್ಕೋತಾರೆ. ಯಾರು ಬೇಕಾದರೂ ಊಹಿಸಬಹುದು. ಇನ್ನೊಂದು ಕೇಳ್ತೀನಿ.”

ಇನ್ನೊಂದು ಪ್ರಶ್ನೆ ಅವನು ಮನೆಯಲ್ಲಿ ಏನೇನು ಕೆಲಸ ಮಾಡುತ್ತಾನೆ ಎಂಬುದಾಗಿತ್ತು. ಒಗೆಯುತ್ತಾನೆ, ಇಸ್ತ್ರಿ ಮಾಡುತ್ತಾನೆ, ನೆಲ ಒರೆಸುತ್ತಾನೆ, ಮನೆಯ ಎಲ್ಲ ಊಟದ ಡಬ್ಬಿಗಳಿಗೂ ತನ್ನ ಕಚೇರಿಯ ಮೇಲ್ ವಿಳಾಸ ಅಂಟಿಸುತ್ತಾನೆ (ಮನೆಯಲ್ಲಿ ಉಳಿದ ಡಬ್ಬಿಯ ಮೇಲೆ ಅದನ್ನು ನೋಡಿಯೇ ಈ ಮೇಲ್ ಕಳಿಸಲು ಆದದ್ದು), ಅಡುಗೆ ಮಾತ್ರ ಬಾರದು, ಒಮ್ಮೆ ಮೊಟ್ಟೆ ಬೇಯಿಸಲು ಹೋಗಿ ಪಾತ್ರೆಯನ್ನು ಬೇಯಿಸಿದ ಎಂದು ಉತ್ತರ ಬಂತು. ಕೆಳಗೆ ಬೇರೊಂದು ಸಾಲಿತ್ತು. ಮೇಡಂ ಅದನ್ನೂ ಬಿಡದೆ ಓದಿದರು: “ನಮಸ್ಕಾರ. ನಾನು ಪಕ್ಕದ ಟೈಲರು. ಅಂಗಡಿ ತೆರೆದು ಹದಿನೈದು ದಿನ ಆಯ್ತು. ಅಮ್ಮನ ಫೋನು ನೀರಿಗೆ ಬಿದ್ದಿದ್ದಕ್ಕೆ ನಾನೇ ಟೈಪು ಮಾಡ್ತಿದೀನಿ. ಎರಡು ಪ್ಯಾಂಟು ಹಾಗೇ ನಿಂತಿವೆ. ಬೇಗ ಮುಗಿಸಿ.”

ಗುಮಾಸ್ತ ಹಣೆ ಬಡಿದುಕೊಂಡ. ಎಲ್ಲ ತಿಳಿಯಾಯಿತಲ್ಲ ಮೇಡಂ ಎಂದ. ಇಲ್ಲ ಎಂದರು ಮೇಡಂ. ಮೋಸಗಾರರಲ್ಲೂ ಟೈಲರುಗಳು ಇರಬಹುದು. ಊಟವಾದ ಮೇಲೆ ಮುಂದಿನ ಪ್ರಶ್ನೆ.

ಊಟದ ಹೊತ್ತಿಗೆ ಸುದ್ದಿ ಆರೂ ಮಹಡಿ ಸುತ್ತಿ, ಕೇಳುವವರು ಹದಿನಾಲ್ಕು ಜನರಾಗಿದ್ದರು. ಮೂಳೆ ವಾರ್ಡಿನ ರೋಗಿಯೊಬ್ಬ ಗಾಲಿ ಕುರ್ಚಿಯಲ್ಲಿ ಬಂದು ಮುಂದಿನ ಸಾಲು ಹಿಡಿದ. ಗುಮಾಸ್ತ ಗಡಿಯಾರ ನೋಡಿದ. ಎರಡೂ ಕಾಲು. ಐದು ಗಂಟೆಗೆ ಹುಡುಗಿಯ ತಂದೆ ಬೇರೆಯವರಿಗೆ ಮಾತು ಕೊಟ್ಟುಬಿಡುತ್ತಾರೆ. ನಲವತ್ತೊಂದು ವರ್ಷಕ್ಕೆ ಬಂದ ಸಂಬಂಧ, ಒಂದು ಕೆಟ್ಟ ಫೋನಿನ ಸ್ಪೀಕರಿನಲ್ಲಿ ಸಿಕ್ಕಿಕೊಂಡು ಕೂತಿತ್ತು.

ಮೂರನೆಯ ಪ್ರಶ್ನೆ, ಹಿಂದೆ ನೋಡಿದ ಸಂಬಂಧಗಳು ಏಕೆ ಮುರಿದುಬಿದ್ದವು ಎಂಬುದು. ಅದನ್ನು ಕೇಳಲೇಬೇಕೇ ಎಂದು ಗುಮಾಸ್ತ ಅಂಗಲಾಚಿದ. ಭದ್ರತೆಯ ದೃಷ್ಟಿಯಿಂದ ಬಹಳ ಮುಖ್ಯ ಎಂದರು ಮೇಡಂ. ಅತ್ತೆಯ ಉತ್ತರ ಉದ್ದವಾಗಿತ್ತು. ಒಂದು ಮನೆಯಲ್ಲಿ ಹುಡುಗಿಯ ತಾಯಿ ಮಾತಾಡುತ್ತಿರುವಾಗ ಇವನು ಮೇಜಿನ ಬಟ್ಟೆಯ ನಾಲ್ಕು ಮೂಲೆ ಎಳೆದು ಸರಿಮಾಡಿ, ಇಸ್ತ್ರಿ ಸುಟ್ಟ ಕಲೆಯೊಂದನ್ನು ತೋರಿಸಿ, ಇದು ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ಹೇಳಿದ್ದ. ಇನ್ನೊಂದು ಮನೆಯಲ್ಲಿ ಏನು ಬಯಸುತ್ತೀರಿ ಎಂದು ಹುಡುಗಿಯೇ ಕೇಳಿದಳು. ಇವನು ಬಿಳಿ ಮತ್ತು ಬಣ್ಣ ಬೇರೆಬೇರೆ ಒಗೆಯಬೇಕು ಎಂದ.

“ಸರಿಯೇ?” ಎಂದರು ಮೇಡಂ. ಆ ದನಿಯಲ್ಲಿ ಮೊದಲ ಸಲ ಏನೋ ಅಲುಗಿದ ಹಾಗಿತ್ತು.

“ಬೇರೆಬೇರೆ ಒಗೀಲೇಬೇಕಲ್ಲ ಮೇಡಂ,” ಎಂದ ಗುಮಾಸ್ತ.

“ಹೌದು,” ಎಂದರು ಮೇಡಂ. “ಒಗೀಬೇಕು.”

ನಾಲ್ಕನೆಯದು ಗೊರಕೆಯ ವಿಷಯ. ಹೊಡೆಯುತ್ತಾನೆ, ಆದರೆ ಒಂದು ಸಲ ತಟ್ಟಿದರೆ ನಿಲ್ಲಿಸುತ್ತಾನೆ ಎಂದಿತ್ತು ಉತ್ತರ. ಕಂಪ್ಯೂಟರಿಗೂ ಗೊರಕೆಗೂ ಏನು ಸಂಬಂಧ ಎಂದು ನರ್ಸಮ್ಮ ಮೆಲ್ಲಗೆ ಕೇಳಿದರು. ರೇಡಿಯೋ, ಮೋಸಗಾರರು ಎಷ್ಟು ಆಳಕ್ಕೆ ಇಳಿದಿದ್ದಾರೋ ಇವರೂ ಅಷ್ಟು ಆಳಕ್ಕೆ ಇಳಿಯಬೇಕಲ್ಲ ಎಂದು ಸಮಾಧಾನ ಹೇಳಿದ. ಈ ಉತ್ತರದ ಕೆಳಗೆ ಟೈಲರು ಇನ್ನೊಂದು ಸಾಲು ಸೇರಿಸಿದ್ದ: “ಅಮ್ಮ ಕೇಳ್ತಿದಾರೆ, ಈ ಪ್ರಶ್ನೆ ಕೇಳ್ತಿರೋ ಪುಣ್ಯಾತ್ಮ ಯಾರು ಅಂತ.” ಅದಕ್ಕೆ ಮೇಡಂ ಉತ್ತರ ಕಳಿಸಲಿಲ್ಲ.

ಮೂರೂಮುಕ್ಕಾಲಾಯಿತು. ಗುಮಾಸ್ತ, ಉಳಿದದ್ದು ಏನಾದರಾಗಲಿ, ಹುಟ್ಟಿದ ತಾರೀಕನ್ನಾದರೂ ಕಳಿಸಲು ಬಿಡಿ ಎಂದು ಕೈಮುಗಿದ. ಫೋನಿಗೆ ಕೈಮುಗಿದರೆ ಯಾರಿಗೆ ಕಾಣಬೇಕು?

“ನೀವು ಏನೂ ಕಳಿಸಬೇಡಿ,” ಎಂದರು ಮೇಡಂ. “ತಲುಪಬೇಕಾದವರಿಗೆ ಎಲ್ಲಾ ತಲುಪ್ತಾ ಇದೆ. ಇದೊಂದೇ ಕೊನೇ ಪ್ರಶ್ನೆ. ಈ ಮನುಷ್ಯ ಕಡೇ ಸಲ ಅತ್ತಿದ್ದು ಯಾವಾಗ?”

ಈ ಉತ್ತರ ಬರಲು ಹೊತ್ತು ಹಿಡಿಯಿತು. ಬಂದಾಗ ಅದು ಎರಡೇ ಸಾಲು.

“ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡಾಗ ಅಳಲಿಲ್ಲ, ನನ್ನ ಕೈ ಹಿಡಿದುಕೊಂಡು ಓಡಾಡಿದ. ಎಂಟು ದಿನ ಆದ ಮೇಲೆ ಅವರ ಅಂಗಿಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಮಡಿಸಿ, ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು, ಕಪಾಟಿನ ಬಾಗಿಲು ಹಾಕೋಕೆ ಆಗದೆ ಅಲ್ಲೇ ಕೂತು ಅತ್ತ.”

ಮೇಡಂ ‘ಸರಿಯೇ’ ಎಂದು ಕೇಳಲಿಲ್ಲ. ಗಾಲಿ ಕುರ್ಚಿಯವನು ತನ್ನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ನರ್ಸಮ್ಮ ಸುಮ್ಮನೆ ಒಂದು ದಿಂಬಿನ ಚೀಲ ತೆಗೆದುಕೊಂಡು ಮಡಿಸತೊಡಗಿದರು. ಅಂಚು ಕೂಡಲಿಲ್ಲ. ಗುಮಾಸ್ತ ಅವರ ಕೈಯಿಂದ ಅದನ್ನು ತೆಗೆದುಕೊಂಡು ಸರಿಯಾಗಿ ಮಡಿಸಿ ಇಟ್ಟ.

“ಸಾಕು,” ಎಂದಿತು ಸ್ಪೀಕರು. “ಕೆಳಗೆ ಬರ್ತೀನಿ.”

ಮೇಡಂ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ರೇಡಿಯೋ ಅವರನ್ನು ನಡುವೆ ಎಲ್ಲೂ ನಿಲ್ಲಿಸದೆ ಕರೆತಂದಿದ್ದ. ಆ ಲಿಫ್ಟಿನ ಇತಿಹಾಸದಲ್ಲೇ ಹಾಗೆ ಆಗಿರಲಿಲ್ಲ. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಮೇಡಂ ಮೇಜಿನ ಮುಂದೆ ನಿಂತು, ತಲೆ ಬಗ್ಗಿಸಿಕೊಂಡು, ಬೆಳಗ್ಗಿನಿಂದ ಬಾಯಿಪಾಠ ಮಾಡಿದವರಂತೆ ಹೇಳಿದರು: “ಮೇಲ್ ನಿಜ. ಕಳಿಸಿದವರು ನಿಮ್ಮತ್ತೆಯೇ. ಫೈಲಿನಲ್ಲೂ ದೋಷ ಇಲ್ಲ. ಆದರೆ—”

ಆ ‘ಆದರೆ’ಯನ್ನು ಹದಿನಾಲ್ಕು ಜನರ ಗದ್ದಲ ನುಂಗಿತು. ತೆರೀರಿ ಎಂದರು ನರ್ಸಮ್ಮ. ತೆರಿ ಮೀನಣ್ಣ, ಐದಾಗ್ತಾ ಬಂತು ಎಂದ ರೇಡಿಯೋ. ಹುಡುಗಿ ಹೇಗಿದ್ದಾಳೆ ನೋಡೋಣ ಎಂದು ಗಾಲಿ ಕುರ್ಚಿಯವನು ಕುರ್ಚಿಯನ್ನು ಮುಂದೆ ನೂಕಿದ. ಬೆಳಗ್ಗಿನಿಂದ ತನ್ನ ಬಾಳನ್ನೆಲ್ಲ ಹಗ್ಗಕ್ಕೆ ಒಣಹಾಕಿಸಿಕೊಂಡ ಗುಮಾಸ್ತ ಎರಡೂ ಕೈಯಿಂದ ಮೌಸು ಹಿಡಿದು ಫೈಲಿನ ಮೇಲೆ ಒತ್ತಿಯೇಬಿಟ್ಟ.

ಪರದೆಯ ಮೇಲೆ ಒಂದು ಫೋಟೋ ತೆರೆಯಿತು. ಕುರ್ಚಿಯಲ್ಲಿ ನೆಟ್ಟಗೆ ಕುಳಿತ, ಮೂವತ್ತೆಂಟು ವರ್ಷದ, ನಗಲೋ ಬೇಡವೋ ಎಂದು ಯೋಚಿಸುತ್ತಿರುವ ಹೆಂಗಸು. ಗುಮಾಸ್ತ ಪರದೆ ನೋಡಿದ. ಪಕ್ಕದಲ್ಲಿ ನಿಂತ ಮೇಡಂ ಅವರನ್ನು ನೋಡಿದ. ಮತ್ತೆ ಪರದೆ ನೋಡಿದ.

ಎರಡು ಸೆಕೆಂಡಿನ ಮೇಲೆ ಫೋಟೋ ಮಾಯವಾಗಿ ಇಡೀ ಪರದೆ ಕೆಂಪಾಯಿತು. ಅದರ ಮೇಲೆ ಹೀಗಿತ್ತು: ‘ನೀವೇ ಸಂಶಯ ಪಟ್ಟ ಮೇಲ್‌ನ ಫೈಲನ್ನು ನೀವೇ ತೆರೆದಿದ್ದೀರಿ. ಇದು ಮೂರನೆಯ ಸಲ. ನಿಮ್ಮ ಮೇಲ್ ಖಾತೆಗೆ ಬೀಗ ಹಾಕಲಾಗಿದೆ.’

“ಆದರೆ ಗುರುತು ಇನ್ನೂ ತೆಗೆದಿಲ್ಲ, ತಡೀರಿ ಅಂತ ಹೇಳೋಕೆ ಹೊರಟಿದ್ದೆ,” ಎಂದರು ಮೇಡಂ.

“ನೀವೇ ನಿಜ ಅಂದಿರಲ್ಲ ಮೇಡಂ.”

“ನಿಜ ಅಂದೆ. ತೆರೀರಿ ಅನ್ನಲಿಲ್ಲ. ಅಂದಿದ್ದರೂ ತೆರೀಬಾರದು.” ಅವರ ಕಣ್ಣು ಗೋಡೆಯ ಏಳನೆಯ ಸಾಲಿನ ಕಡೆ ಹೋಯಿತು. “ಬೀಗ ಹಾಕಿದ್ದು ಯಂತ್ರ. ನಾನೇ ಬರೆದ ನಿಯಮ, ನಾನೇ ಮುರಿಯೋಕಾಗಲ್ಲ.”

“ಬೆಳಗ್ಗೆ ನಮ್ಮ ತಂದೆ ಪ್ಯಾಂಟು ತರೋಕೆ ಹೋಗಿದ್ದರು,” ಎಂದೂ ಸೇರಿಸಿದರು. ಮೇಡಂ ಅವರ ತಂದೆ ಹೋದದ್ದು ಅದೇ ಟೈಲರ ಅಂಗಡಿಗೆ, ಅಲ್ಲಿಗೆ ಫೋನು ಒಣಗಿಸಲು ಬಂದಿದ್ದ ಅತ್ತೆಯ ಜೊತೆ ಮಾತಿಗೆ ಬಿದ್ದಿದ್ದರೆಂಬುದು ನಿಧಾನವಾಗಿ ಎಲ್ಲರ ತಲೆಗೂ ಇಳಿಯಿತು. ಗೊರಕೆಯ ಪ್ರಶ್ನೆ ಏಕೆ ಬಂತೆಂಬುದು ನರ್ಸಮ್ಮನಿಗೆ ಎಲ್ಲರಿಗಿಂತ ಮೊದಲು ಹೊಳೆದು, ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗುಮಾಸ್ತ ದನಿ ತಗ್ಗಿಸಿ ಕೇಳಿದ: “ಮತ್ತೆ... ಆ ವಿಷಯ?”

“ಅದಕ್ಕೆ ನನ್ನ ಉತ್ತರ ಕೆಳಗೆ ಬರೋ ಮುಂಚೆ ನಿಮ್ಮ ಮೇಲ್‌ಗೆ ಕಳಿಸಿದೀನಿ.”

ಇಬ್ಬರೂ ಕೆಂಪು ಪರದೆಯನ್ನು ನೋಡಿದರು.

“ಬೀಗ ತೆಗೆಸೋದು ಹೇಗೆ ಮೇಡಂ?”

“ಅರ್ಜಿ ಕೊಡಬೇಕು. ಹದಿನೈದು ದಿನ ಆಗುತ್ತೆ.”

“ಎಲ್ಲಿ ಕೊಡಬೇಕು?”

“ಮೇಲ್‌ನಲ್ಲಿ,” ಎಂದರು ಮೇಡಂ. ಹೇಳಿದ ಮೇಲೆ ಅವರಿಗೂ ಅದು ಸರಿಯೆನಿಸಲಿಲ್ಲವೋ ಏನೋ, ಬಳೆಯನ್ನು ಒಂದು ಸುತ್ತು ತಿರುಗಿಸಿದರು.

“ಬಾಯಲ್ಲೇ ಒಂದು ಮಾತು ಹೇಳಬಹುದಲ್ಲ.”

ಮೇಡಂ ಬಾಗಿಲಲ್ಲಿದ್ದ ಹದಿನಾಲ್ಕು ಮುಖಗಳನ್ನು ನೋಡಿದರು. ಗಾಲಿ ಕುರ್ಚಿಯವನು ಕಿವಿಯ ಹಿಂದೆ ಕೈ ಹಿಡಿದುಕೊಂಡಿದ್ದ. “ಇಷ್ಟು ಜನರ ಮುಂದೆಯಾ?” ಎಂದರು. ಮುಖ ಕೆಂಪಾಗಿತ್ತು. ಅದು ನಾಚಿಕೆಯೋ ಸಿಟ್ಟೋ ಪರದೆಯ ಬೆಳಕೋ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಐದು ಹೊಡೆಯಿತು. ಲಿಫ್ಟಿಗೆ ಕಾಯದೆ ಅವರು ಮೆಟ್ಟಿಲು ಹಿಡಿದು ಹೊರಟುಹೋದರು.

ಕಂಪ್ಯೂಟರ್ ವಿಭಾಗದ ಇಬ್ಬರು ಬಂದು ಯಂತ್ರದ ತಂತಿಗಳನ್ನು ಬಿಚ್ಚಿದರು. ಗುಮಾಸ್ತ ಉಗ್ರಾಣದ ಬೀಗದಕೈ ಒಪ್ಪಿಸಿ, ಊಟದ ಡಬ್ಬಿ ಹಿಡಿದು ನೆಲಮಾಳಿಗೆಗೆ ಇಳಿದ. ‘ಹೂಂ’ ಎಂದು ಬರೆದಿದ್ದರೋ ‘ಊಹೂಂ’ ಎಂದು ಬರೆದಿದ್ದರೋ ಎಂದು ಪ್ರತಿ ಮೆಟ್ಟಿಲಿಗೂ ಒಂದೊಂದು ಎಣಿಸಿಕೊಂಡು ಬಂದ. ಕೊನೆಯ ಮೆಟ್ಟಿಲಿಗೆ ‘ಹೂಂ’ ಬಂತು. ಆದರೆ ನಡುವೆ ಒಂದು ಮೆಟ್ಟಿಲು ಎಡವಿದ್ದನಾದ್ದರಿಂದ ಲೆಕ್ಕ ನಂಬುವ ಹಾಗಿರಲಿಲ್ಲ.

ಸೋಪಜ್ಜ ಅವನಿಗೆ ಒಂದು ರಬ್ಬರು ಏಪ್ರನ್ನು ಕೊಟ್ಟ. ಅವನು ಅದನ್ನು ಕಟ್ಟಿಕೊಳ್ಳುವಷ್ಟರಲ್ಲಿ ಮೇಲಿನಿಂದ ಕೊಳವೆಯಲ್ಲಿ ಏನೋ ಜಾರಿ ಬಂದು ಧೊಪ್ಪೆಂದು ಕಾಲ ಬುಡಕ್ಕೆ ಬಿತ್ತು. ಸೋಪಜ್ಜ ಅದನ್ನೆತ್ತಿ ಅವನ ಕೈಗಿಟ್ಟ. ಮಕ್ಕಳ ವಾರ್ಡಿನ ಹೊದಿಕೆ, ಒದ್ದೆಯಾಗಿ ಇನ್ನೂ ಬೆಚ್ಚಗಿತ್ತು.

“ಇದರಿಂದಲೇ ಶುರುಮಾಡು ಮಗಾ,” ಎಂದ ಸೋಪಜ್ಜ. “ನಿನಗೆ ಈ ಕೆಲಸ ಹೊಸದೇನಲ್ಲ ಅಂತ ಲಿಫ್ಟಿನವನು ಹೇಳಿದ.”